ಮೂರು ಅಂಗಳ, ಮೂರು ಲೆಕ್ಕ: ಬಫಲೋದಲ್ಲಿ ಹಿಮ ಅಳೆಯುವ ಕೆಲಸ ಎಲ್ಲಿಗೆ ಬಂತು

ನೋಟ್‌ಬುಕ್‌ನಲ್ಲಿ ಈಗ ಮೂರು ತಿಂಗಳ ಲೆಕ್ಕ ಇದೆ. ಮೂರು ಮನೆ, ಹಿಮ ಬಿದ್ದು ಕೂರಲು ಮೂರು ಬಿಳಿ ಹಲಗೆ, ದಿನಾ ಬೆಳಿಗ್ಗೆ 7 ಗಂಟೆಗೆ ಒಂದು ಅಳತೆ. ಮೊದಲ ಹಲಗೆ ಆಮ್‌ಹರ್ಸ್ಟ್‌ನ ನಮ್ಮ ಮನೆಯಲ್ಲಿದೆ, ಅಮೆರಿಕದ ನ್ಯೂಯಾರ್ಕ್ ರಾಜ್ಯದ ಬಫಲೋ ನಗರದ ಉತ್ತರಕ್ಕೆ. ಎರಡನೆಯದು ದಕ್ಷಿಣಕ್ಕೆ, ಹ್ಯಾಂಬರ್ಗ್‌ನ ಅಕ್ಕನ ಮನೆಯಲ್ಲಿ. ಮೂರನೆಯದು ಪೂರ್ವಕ್ಕೆ, ಲ್ಯಾಂಕಾಸ್ಟರ್‌ನಲ್ಲಿ. ನನ್ನ ಜೊತೆ ಕೆಲಸ ಮಾಡಿ ನಿವೃತ್ತರಾದ ಹಿರಿಯರೊಬ್ಬರ ಹಿತ್ತಲು ಅದು. ಒಂದು ಮನೆಯಿಂದ ಇನ್ನೊಂದಕ್ಕೆ ಕಾರಿನಲ್ಲಿ ಸುಮಾರು ಅರ್ಧ ಗಂಟೆಯ ದಾರಿ. ಆದರೂ ಮೂರು ಕಾಲಂಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ, ಮೂರು ಬೇರೆ ಬೇರೆ ಊರಿನ ಚಳಿಗಾಲ ಓದಿದ ಹಾಗಾಗುತ್ತದೆ.

"ಬಫಲೋದಲ್ಲಿ ಎಷ್ಟು ಸ್ನೋ ಬಿತ್ತು?" ಅಂತ ಊರಿಂದ ಫೋನ್ ಮಾಡಿದವರೆಲ್ಲ ಕೇಳುತ್ತಾರೆ. ಈಗೀಗ ನಾನು "ಯಾರ ಮನೆ ಹತ್ತಿರ?" ಅಂತ ಕೇಳಿಯೇ ಉತ್ತರ ಹೇಳುತ್ತೇನೆ.

ಶುರುವಾದ ಬಗೆ

2014ರ ನವೆಂಬರ್ 18ರ ಬೆಳಿಗ್ಗೆ ನನಗೆ ಚೆನ್ನಾಗಿ ನೆನಪಿದೆ. ಇಲ್ಲಿಗೆ ಬಂದು ಆಗ ಒಂದು ವರ್ಷವಾಗಿತ್ತು. ನಮ್ಮ ಮನೆಯ ಮೇಲೆ ಆಕಾಶ ತಿಳಿಯಾಗಿತ್ತು. ದಕ್ಷಿಣದ ಕಡೆ ಮಾತ್ರ ನೆಲದಿಂದ ಎದ್ದು ನಿಂತ ಬಿಳಿ ಗೋಡೆಯ ಹಾಗೆ ಮೋಡ. ಅಕ್ಕನಿಗೆ ಫೋನ್ ಮಾಡಿದೆ. "ಬಾಗಿಲು ತೆಗೆಯೋಕೆ ಆಗ್ತಿಲ್ಲ ಕಣೇ, ಭಾವ ಕಿಟಕಿಯಿಂದ ಹೊರಗೆ ಇಳಿದಿದ್ದಾರೆ" ಅಂದಳು. ಆ ವಾರ ನಗರದ ದಕ್ಷಿಣ ಮತ್ತು ಪೂರ್ವದ ಊರುಗಳಲ್ಲಿ ಐದು ಅಡಿಗೂ ಜಾಸ್ತಿ ಹಿಮ ಬಿತ್ತು. ಕೆಲವು ಕಡೆ ಏಳು ಅಡಿಯ ಹತ್ತಿರ ಹೋಯಿತು. ಥ್ರೂವೇ ಹೆದ್ದಾರಿಯಲ್ಲಿ ಗಾಡಿಗಳು ರಾತ್ರಿಯಿಡೀ ಸಿಕ್ಕಿಹಾಕಿಕೊಂಡಿದ್ದವು. ಕೆಲವೇ ಮೈಲಿ ಉತ್ತರಕ್ಕೆ ಬಂದರೆ ಬಿದ್ದದ್ದು ಬರೀ ಕೆಲವು ಇಂಚು.

ಅಕ್ಕನ ಆಗಿನ ಆಫೀಸು ಉತ್ತರದ ಕಡೆ ಇತ್ತು. ಅಲ್ಲಿನ ಮೇಲಧಿಕಾರಿ "ಇಲ್ಲಿ ರಸ್ತೆ ಚೆನ್ನಾಗಿದೆಯಲ್ಲ" ಅಂದು, ಅವಳು ಬರಲಾಗದ ನಾಲ್ಕು ದಿನವನ್ನೂ ಅವಳ ರಜೆಯಲ್ಲೇ ಕಳೆದರು. ಅವರು ಸುಳ್ಳು ಹೇಳಿರಲಿಲ್ಲ. ಅವರ ಕಿಟಕಿಯ ಹೊರಗೆ ರಸ್ತೆ ನಿಜವಾಗಿಯೂ ಚೆನ್ನಾಗಿತ್ತು. ಆದರೆ ಅಕ್ಕ ಅವತ್ತು ಅತ್ತದ್ದನ್ನು ನಾನು ಮರೆತಿಲ್ಲ. ಪಕ್ಕದ ಊರಿನಲ್ಲಿ ಎಷ್ಟು ಬಿದ್ದಿದೆ ಅಂತ ಅಳೆದು ತೋರಿಸುವವರು ಬೇಕು ಅಂತ ಆಗಲೇ ಅನ್ನಿಸಿತ್ತು.

ಅಳೆಯುವುದು ನಮ್ಮ ಮನೆಗೆ ಹೊಸದೇನಲ್ಲ. ಅಪ್ಪ ಮೂಡಿಗೆರೆ ಹತ್ತಿರ ಕಾಫಿ ಬೆಳೆಯುವವರು. ಅಂಗಳದಲ್ಲಿ ರೈನ್‌ಗೇಜ್, ಗೋಡೆಗೆ ನೇತುಹಾಕಿದ ಪುಸ್ತಕ, ಬೆಳಗಾದರೆ ಇಂಚು-ಸೆಂಟಿನ ಲೆಕ್ಕ. ಒಂದು ಇಂಚಿಗೆ ನೂರು ಸೆಂಟು. ಫೆಬ್ರವರಿ-ಮಾರ್ಚ್‌ನ ಹೂವಿನ ಮಳೆ ಒಂದು ತೋಟಕ್ಕೆ ಬಂದು ಪಕ್ಕದ ತೋಟಕ್ಕೆ ಬರದೆ ಹೋಗುವುದನ್ನು ನೋಡುತ್ತಲೇ ನಾನು ಬೆಳೆದವಳು. ಬೇಲಿಯ ಆಚೆ ಹೂವು, ಈಚೆ ಒಣಗಿದ ಮೊಗ್ಗು. ಒಂದು ವರ್ಷದ ಫಸಲೇ ಅದರ ಮೇಲೆ ನಿಂತಿರುತ್ತದೆ.

ನವೆಂಬರ್: ಹಲಗೆ ಮಾಡಿದ್ದು, ಮೊದಲ ತಪ್ಪು

ಹಲಗೆ ಮಾಡುವುದು ಕಷ್ಟವಲ್ಲ. 16 ಇಂಚು ಉದ್ದ, 16 ಇಂಚು ಅಗಲದ ಪ್ಲೈವುಡ್ ತುಂಡಿಗೆ ಬಿಳಿ ಬಣ್ಣ ಹೊಡೆದೆ. ಬಣ್ಣ ಗಾಢವಾಗಿದ್ದರೆ ಬಿಸಿಲು ಹೀರಿಕೊಂಡು ಹಿಮ ಕರಗಿಬಿಡುತ್ತದೆ. ಪಕ್ಕದಲ್ಲಿ ಒಂದು ಕೋಲು ನೆಡಬೇಕು. ಇಲ್ಲದಿದ್ದರೆ ಹಿಮದ ಕೆಳಗೆ ಹಲಗೆ ಎಲ್ಲಿದೆ ಅಂತ ಹುಡುಕುತ್ತಾ ನಿಲ್ಲಬೇಕಾಗುತ್ತದೆ. ಅಳತೆಯ ನಿಯಮಗಳನ್ನು ಕೋಕೋರಾಸ್‌ನಿಂದ ಕಲಿತೆ. ಅದು ಮಳೆ, ಆಲಿಕಲ್ಲು, ಹಿಮವನ್ನು ತಮ್ಮ ಮನೆಯಲ್ಲೇ ಅಳೆದು ಕಳಿಸುವ ಸಾಮಾನ್ಯ ಜನರ ಬಳಗ. 1997ರಲ್ಲಿ ಕೊಲರಾಡೋದ ಫೋರ್ಟ್ ಕಾಲಿನ್ಸ್‌ನಲ್ಲಿ ದೊಡ್ಡ ನೆರೆ ಬಂತು. ಒಂದೇ ಊರಿನೊಳಗೆ ಒಂದು ಕಡೆ ಭಾರೀ ಮಳೆ, ಇನ್ನೊಂದು ಕಡೆ ತೀರಾ ಕಡಿಮೆ. ಅದಾದ ಮೇಲೆ 1998ರಲ್ಲಿ ಈ ಬಳಗ ಹುಟ್ಟಿತು. ಹೂವಿನ ಮಳೆಯ ಕಥೆಯೇ ಅಲ್ವಾ ಇದು!

ಮೊದಲ ದೊಡ್ಡ ಹಿಮ ಬಿದ್ದ ದಿನ ಉತ್ಸಾಹ ತಡೆಯಲಾಗಲಿಲ್ಲ. ಅಕ್ಕನ ಮನೆಯಲ್ಲೇ ಉಳಿದು ಎರಡೆರಡು ಗಂಟೆಗೆ ಹೋಗಿ ಅಳೆದೆ, ಅಳೆದ ಮೇಲೆ ಹಲಗೆ ಒರೆಸಿದೆ. ಕೊನೆಗೆ ಎಲ್ಲವನ್ನೂ ಕೂಡಿದರೆ 14 ಇಂಚು. ಪಕ್ಕದಲ್ಲೇ ಮುಟ್ಟದೆ ಬಿಟ್ಟಿದ್ದ ಇನ್ನೊಂದು ಹಲಗೆಯ ಮೇಲೆ ಇದ್ದದ್ದು ಹತ್ತೂವರೆ. ಎರಡೂ ಒಂದೇ ಅಂಗಳ, ಒಂದೇ ರಾತ್ರಿ.

ಹಿಮ ಬಿದ್ದ ಹಾಗೇ ಇರುವುದಿಲ್ಲ. ಮೇಲಿನದರ ಭಾರಕ್ಕೆ ಕೆಳಗಿನದು ಕುಗ್ಗುತ್ತದೆ. ಪದೇ ಪದೇ ಒರೆಸಿ ಅಳೆದರೆ ಆ ಕುಗ್ಗುವಿಕೆ ಲೆಕ್ಕಕ್ಕೇ ಬರುವುದಿಲ್ಲ, ಮೊತ್ತ ಸುಮ್ನೆ ಉಬ್ಬುತ್ತದೆ. ಅದಕ್ಕೇ ದಿನಕ್ಕೆ ನಾಲ್ಕು ಸಲಕ್ಕಿಂತ ಜಾಸ್ತಿ ಹಲಗೆ ಒರೆಸಬಾರದು ಅನ್ನುವ ನಿಯಮ. ಇದೇ ನಿಯಮದಿಂದ ಒಂದು ದಾಖಲೆಯೇ ಬಿದ್ದುಹೋಗಿದೆ. ಒಂಟಾರಿಯೋ ಸರೋವರದ ಪೂರ್ವಕ್ಕೆ ಟಗ್ ಹಿಲ್ ಅನ್ನುವ ಎತ್ತರದ ಪ್ರದೇಶ ಇದೆ. ಅಲ್ಲಿನ ಮಾಂಟೆಗ್ಯೂ ಊರಿನಲ್ಲಿ 1997ರ ಜನವರಿಯಲ್ಲಿ 24 ಗಂಟೆಯಲ್ಲಿ 77 ಇಂಚು ಹಿಮ ಬಿತ್ತು ಅಂತ ಬರೆದಿಟ್ಟರು. ಪರಿಶೀಲನೆ ಮಾಡಿದವರು ಅದನ್ನು ರಾಷ್ಟ್ರೀಯ ದಾಖಲೆ ಅಂತ ಒಪ್ಪಲಿಲ್ಲ. ಅಲ್ಲಿ ಆರು ಸಲ ಅಳೆದಿದ್ದರು. 1921ರಲ್ಲಿ ಕೊಲರಾಡೋದ ಸಿಲ್ವರ್ ಲೇಕ್‌ನಲ್ಲಿ ಬಿದ್ದ 75.8 ಇಂಚೇ ದಾಖಲೆಯಾಗಿ ಉಳಿಯಿತು. ಆ ಚಳಿಯಲ್ಲಿ ಆರು ಸಲ ಹೊರಗೆ ಹೋಗಿ ಅಳೆದವರ ಶ್ರಮ ನೆನೆದರೆ ನನಗೆ ಗೌರವ ಬರುತ್ತದೆ. ಆದರೂ ತೀರ್ಪು ಸರಿ. ಎಲ್ಲರೂ ಒಂದೇ ರೀತಿ ಅಳೆಯದಿದ್ದರೆ ಮೂರು ಅಂಗಳವನ್ನು ಹೋಲಿಸಿ ಏನು ಪ್ರಯೋಜನ?

ಅಂದಿನಿಂದ ಮೂರೂ ಮನೆಯಲ್ಲಿ ದಿನಕ್ಕೆ ಒಂದೇ ಅಳತೆ. ನವೆಂಬರ್‌ನ ಮೊದಲ ಎರಡು ವಾರದ ಅಂಕಿಗಳನ್ನು ಹೊಡೆದುಹಾಕಿದೆ.

ಡಿಸೆಂಬರ್: ಗಾಳಿಯ ಕಾಲಂ

ಎರಡನೇ ವಾರದಲ್ಲಿ ನೋಟ್‌ಬುಕ್‌ಗೆ ಹೊಸ ಕಾಲಂ ಸೇರಿಸಿದೆ: ಗಾಳಿ ಎತ್ತ ಕಡೆಯಿಂದ ಬರುತ್ತಿದೆ ಅನ್ನುವುದು. ಅಲ್ಲಿಂದ ಮುಂದೆ ಲೆಕ್ಕಕ್ಕೆ ಅರ್ಥ ಬಂತು.

ಚಳಿಗಾಲದ ಮೊದಲಲ್ಲಿ ಎರಿ ಸರೋವರದ ನೀರು ಇನ್ನೂ ಬೆಚ್ಚಗಿರುತ್ತದೆ. ಕೆನಡಾ ಕಡೆಯಿಂದ ಕೊರೆಯುವ ಗಾಳಿ ಅದರ ಮೇಲೆ ಹಾದು ಬರುತ್ತದೆ. ಒಂದೂವರೆ ಕಿಲೋಮೀಟರ್ ಮೇಲಿನ ಗಾಳಿ ನೀರಿಗಿಂತ 13 ಡಿಗ್ರಿ ಸೆಲ್ಸಿಯಸ್‌ನಷ್ಟು ಹೆಚ್ಚು ತಣ್ಣಗಿದ್ದರೆ ಸಾಕು. ಕೆಳಗಿನ ಗಾಳಿ ಬೆಚ್ಚಗಾಗಿ, ತೇವ ಹೊತ್ತು, ಮೇಲೆ ನುಗ್ಗಿ ಮೋಡವಾಗುತ್ತದೆ. ದಡ ಮುಟ್ಟುತ್ತಿದ್ದಂತೆ ಹಿಮವಾಗಿ ಸುರಿಯುತ್ತದೆ. ಗಾಳಿ ನೀರಿನ ಮೇಲೆ ಎಷ್ಟು ದೂರ ಬಂತೋ ಅಷ್ಟು ಜಾಸ್ತಿ ತೇವ. ಈ ಸರೋವರದ ಉದ್ದ ಸುಮಾರು 388 ಕಿಲೋಮೀಟರ್, ಅಗಲ ಹೆಚ್ಚೆಂದರೆ 92. ಪಶ್ಚಿಮ-ನೈಋತ್ಯದಿಂದ ಬೀಸುವ ಗಾಳಿ ಉದ್ದಕ್ಕೂ ನೀರಿನ ಮೇಲೇ ಬರುತ್ತದೆ. ಆಗ ಮೋಡಗಳೆಲ್ಲ ಸೇರಿ ಒಂದೇ ಪಟ್ಟಿಯಾಗುತ್ತವೆ. ಇಲ್ಲಿನವರು ಅದನ್ನು ಬ್ಯಾಂಡ್ ಅನ್ನುತ್ತಾರೆ. ಸರೋವರದ ಪೂರ್ವದ ತುದಿಯಲ್ಲಿ ಕೂತಿರುವ ಊರು ಬಫಲೋ. ಹಾಗಾಗಿ ಬ್ಯಾಂಡ್ ಬಂದು ಮುಟ್ಟುವುದು ಇಲ್ಲಿಗೇ.

ಆದರೆ ಆ ಪಟ್ಟಿಯ ಅಗಲ ಕೆಲವೇ ಮೈಲಿ. ಗಾಳಿ ಸ್ವಲ್ಪ ದಕ್ಷಿಣದ ಕಡೆಯಿಂದ ಬೀಸಿದರೆ ಬ್ಯಾಂಡ್ ಉತ್ತರಕ್ಕೆ, ನಮ್ಮ ಮನೆ ಕಡೆ ಸರಿಯುತ್ತದೆ. ಪಶ್ಚಿಮದ ಕಡೆಯಿಂದ ಬೀಸಿದರೆ ದಕ್ಷಿಣಕ್ಕೆ, ಅಕ್ಕನ ಮನೆಯ ಕಡೆ. ಅಲ್ಲಿ ಗುಡ್ಡಗಳೂ ಇವೆ. ನಮ್ಮ ಘಟ್ಟ ಮಳೆ ಮೋಡವನ್ನು ಎತ್ತಿ ಸುರಿಸುವ ಹಾಗೆ ಅವೂ ಇನ್ನಷ್ಟು ಹಿಮ ಸುರಿಸುತ್ತವೆ.

ಡಿಸೆಂಬರ್ ಮಧ್ಯದ ಒಂದು ರಾತ್ರಿ ಬ್ಯಾಂಡ್ ಹ್ಯಾಂಬರ್ಗ್ ಮೇಲೆ ಕೂತು ಅಲುಗಲೇ ಇಲ್ಲ. ಬೆಳಿಗ್ಗೆಯ ಲೆಕ್ಕ ಹೀಗಿತ್ತು: ಹ್ಯಾಂಬರ್ಗ್ 21.5 ಇಂಚು, ಲ್ಯಾಂಕಾಸ್ಟರ್ 9.2, ಆಮ್‌ಹರ್ಸ್ಟ್ 0.4. ನಮ್ಮ ಹಲಗೆಯ ಮೇಲಿದ್ದದ್ದು ಉಫ್ ಅಂದರೆ ಹಾರುವಷ್ಟು. ಮಧ್ಯಾಹ್ನ ಗಾಳಿ ತಿರುಗಿತು. ರೇಡಾರ್ ಚಿತ್ರದಲ್ಲಿ ಪಟ್ಟಿ ನಿಧಾನಕ್ಕೆ ಮೇಲೆ ಬರುವುದು ಕಾಣುತ್ತಿತ್ತು. ಮೊದಲು ಲ್ಯಾಂಕಾಸ್ಟರ್‌ನ ಹಿರಿಯರಿಂದ "ಇಲ್ಲಿ ಶುರುವಾಯಿತು" ಅಂತ ಸಂದೇಶ. ಸ್ವಲ್ಪ ಹೊತ್ತಿಗೆ ನಮ್ಮ ಬೀದಿಯ ಕೊನೆಯ ಮನೆ ಕಾಣದಾಯಿತು. ಅದೇ ಹೊತ್ತಿಗೆ ಅಕ್ಕ ಫೋಟೋ ಕಳಿಸಿದಳು. ಅವಳ ಮನೆ ಮೇಲೆ ನೀಲಿ ಆಕಾಶ. ಬಾಗಿಲಲ್ಲಿ ನಿಂತು ನೋಡುತ್ತಾ ನನಗೆ ಮೈ ಜುಂ ಎಂದಿತು.

ಕರಗಿಸಿದ ಲೆಕ್ಕ

ಆಳ ಅಳೆದರೆ ಅರ್ಧ ಕೆಲಸ ಮಾತ್ರ. ಹಿಮದಲ್ಲಿ ನೀರೆಷ್ಟು ಅಂತಲೂ ನೋಡಬೇಕು. ನಾಲ್ಕು ಇಂಚು ಅಗಲದ ಮಳೆ ಮಾಪಕದಿಂದ ಮೇಲಿನ ಆಲಿಕೆ, ಒಳಗಿನ ಕೊಳವೆ ಎರಡನ್ನೂ ಚಳಿಗಾಲದಲ್ಲಿ ತೆಗೆದಿಡುತ್ತೇನೆ. ಹಿಮ ನೇರ ದೊಡ್ಡ ಕೊಳವೆಗೆ ಬೀಳುತ್ತದೆ. ಬೆಳಿಗ್ಗೆ ಒಳಗೆ ತಂದು, ಅಳೆದ ಬಿಸಿನೀರು ಹಾಕಿ ಕರಗಿಸಿ, ಹಾಕಿದ್ದನ್ನು ಕಳೆದರೆ ಉಳಿದದ್ದು ಹಿಮದ ನೀರು. ಇದನ್ನು ಇಂಚಿನ ನೂರನೇ ಒಂದು ಭಾಗದವರೆಗೆ ಬರೆಯಬೇಕು. ಅಂದರೆ ಸೆಂಟು! ಫೋನಿನಲ್ಲಿ ಹೇಳಿದಾಗ ಅಪ್ಪನಿಗೆ ಎಷ್ಟು ಖುಷಿಯಾಯಿತು ಅಂದರೆ, ಈಗ ದಿನಾ "ಎಷ್ಟು ಸೆಂಟು ಬಂತೇ?" ಅಂತಲೇ ಮಾತು ಶುರು ಮಾಡುತ್ತಾರೆ.

ಚಳಿ ಜೋರಿದ್ದ ಒಂದು ದಿನ 8 ಇಂಚು ಹಿಮ ಕರಗಿ ಬರೀ 35 ಸೆಂಟು ಆಯಿತು. ಹತ್ತಿಯ ಹಾಗಿದ್ದ ಹಿಮ ಅದು. ಇನ್ನೊಂದು ದಿನ 6 ಇಂಚಿಗೇ 60 ಸೆಂಟು. ಆಳ ಕಡಿಮೆ, ಭಾರ ಜಾಸ್ತಿ. ಒಂದು ಚದರಡಿ ಮೇಲೆ ಒಂದು ಇಂಚು ನೀರು ಅಂದರೆ ಸುಮಾರು 2.4 ಕೆಜಿ. ಇಡೀ ಸೂರಿಗೆ ಲೆಕ್ಕ ಹಾಕಿದರೆ ಗಾಬರಿಯಾಗುತ್ತದೆ. 2014ರಲ್ಲಿ ಭಾವ ಸೂರು ಹತ್ತಿ ಹಿಮ ಎಳೆದು ಹಾಕಿದ್ದು ಯಾಕೆ ಅಂತ ನನಗೆ ಅಂಕಿಯಲ್ಲಿ ಅರ್ಥವಾದದ್ದು ಈಗ.

ಜನವರಿ: ಹಲಗೆ ಹೇಳದ ವಿಷಯ

ಲ್ಯಾಂಕಾಸ್ಟರ್‌ನ ಹಲಗೆ ತೊಂದರೆ ಕೊಟ್ಟಿತು. ಹಿತ್ತಲು ಬಯಲಾದ್ದರಿಂದ ಗಾಳಿ ಹಿಮವನ್ನು ಗುಡಿಸಿಕೊಂಡು ಹೋಗುತ್ತಿತ್ತು. ಹಲಗೆ ಖಾಲಿ, ಬೇಲಿ ಬುಡದಲ್ಲಿ ಸೊಂಟದ ಎತ್ತರ. ಅದನ್ನು ಮರಗಳ ನಡುವಿನ ಜಾಗಕ್ಕೆ ಸರಿಸಿದೆವು. ಗಾಳಿ ಜೋರಿದ್ದ ದಿನ ಸುತ್ತಮುತ್ತ ಐದಾರು ಕಡೆ ಅಳೆದು ಸರಾಸರಿ ಬರೆಯುತ್ತೇವೆ.

ಆ ಸರಿಸುವ ಕೆಲಸದ ನಡುವೆ ಹಿರಿಯರು 2022ರ ಡಿಸೆಂಬರ್ ನೆನಪು ಮಾಡಿಕೊಂಡರು. ಆ ಕ್ರಿಸ್‌ಮಸ್ ವಾರ ವಿಮಾನ ನಿಲ್ದಾಣದಲ್ಲಿ ಅಳೆದದ್ದು 51.9 ಇಂಚು. ಅದಕ್ಕೂ ಒಂದು ತಿಂಗಳ ಹಿಂದೆ ದಕ್ಷಿಣದ ಊರುಗಳಲ್ಲಿ ಸುಮಾರು 80 ಇಂಚು ಬಿದ್ದಿತ್ತು. ಆದರೂ ಡಿಸೆಂಬರ್‌ನದ್ದೇ ಹೆಚ್ಚು ಜೀವ ತೆಗೆದುಕೊಂಡಿತು. ಬಫಲೋ ಇರುವ ಎರಿ ಕೌಂಟಿಯಲ್ಲಿ (ಕೌಂಟಿ ಅಂದರೆ ನಮ್ಮ ಜಿಲ್ಲೆಯ ಹಾಗೆ) 47 ಜನ ತೀರಿಕೊಂಡರು. ಕೆಲವರು ಕಾರಿನಲ್ಲಿ, ಕೆಲವರು ಬೀದಿಯಲ್ಲಿ, ಕೆಲವರು ಬೆಚ್ಚಗಿಡಲು ಕರೆಂಟಿಲ್ಲದ ಮನೆಯಲ್ಲಿ. ಬಫಲೋ ನಗರದಲ್ಲಿ ಸತ್ತವರಲ್ಲಿ ಅರ್ಧಕ್ಕಿಂತ ಜಾಸ್ತಿ ಕಪ್ಪು ಜನರು. ಹಿಮದ ಜೊತೆ ಬಿರುಗಾಳಿ ಇತ್ತು, ಕೊರೆಯುವ ಚಳಿ ಇತ್ತು, ಹೊರಗೆ ಏನೂ ಕಾಣುತ್ತಿರಲಿಲ್ಲ. ಮನೆಯಲ್ಲಿ ಸಾಮಾನು ತುಂಬಿಟ್ಟುಕೊಳ್ಳಲು ದುಡ್ಡಿದ್ದವರಿಗೂ ಇಲ್ಲದವರಿಗೂ ಒಂದೇ ಇಂಚು ಒಂದೇ ಥರ ಇರುವುದಿಲ್ಲ.

ಆ ಸಂಜೆ ಮನೆಗೆ ಬಂದು ನೋಟ್‌ಬುಕ್‌ನಲ್ಲಿ ಇನ್ನೂ ಮೂರು ಗೆರೆ ಎಳೆದೆ. ರಸ್ತೆಯ ಹಿಮ ತೆಗೆಯುವ ಗಾಡಿ ಎಷ್ಟು ಗಂಟೆಗೆ ಬಂತು. ಕರೆಂಟು ಹೋಯಿತಾ, ಎಷ್ಟು ಹೊತ್ತು. ಆ ಊರಿನಲ್ಲಿ ಗಾಡಿ ಓಡಿಸುವುದಕ್ಕೆ ನಿಷೇಧ ಇತ್ತಾ. ಇಲ್ಲಿ ಆ ನಿಷೇಧವನ್ನು ಒಂದೊಂದು ಊರೂ ಬೇರೆ ಬೇರೆ ಹಾಕುತ್ತದೆ. ಡಿಸೆಂಬರ್‌ನ ಆ 21.5 ಇಂಚಿನ ದಿನ ಅಕ್ಕನ ಊರಿನಲ್ಲಿ ನಿಷೇಧ, ನಮ್ಮಲ್ಲಿ ಮಕ್ಕಳು ಶಾಲೆಗೆ ಹೋಗಿದ್ದರು. ಅಕ್ಕ ಈಗಿನ ಆಫೀಸಿಗೆ ತನ್ನ ಅಂಗಳದ ಅಂಕಿ ಮತ್ತು ಹಲಗೆಯ ಫೋಟೋ ಕಳಿಸಿದಳು. ಯಾರೂ ಮರುಪ್ರಶ್ನೆ ಕೇಳಲಿಲ್ಲ. ರಜೆ ಕಳೆಯಲೂ ಇಲ್ಲ. ಈ ಚಳಿಗಾಲದ ಇಡೀ ಲೆಕ್ಕದಲ್ಲಿ ನನಗೆ ಅತಿ ಪ್ರೀತಿಯ ಸಾಲು ಅದು.

ಫೆಬ್ರವರಿ: ಈಗ

ಸರೋವರ ಹೆಪ್ಪುಗಟ್ಟಿದೆ. ಎರಿಯ ಸರಾಸರಿ ಆಳ ಸುಮಾರು 19 ಮೀಟರ್ ಅಷ್ಟೇ, ದೊಡ್ಡ ಐದು ಸರೋವರಗಳಲ್ಲಿ ಇದೇ ಕಡಿಮೆ ಆಳದ್ದು. ಬೇಗ ತಣ್ಣಗಾಗುತ್ತದೆ, ಬೇಗ ಗಟ್ಟಿಯಾಗುತ್ತದೆ. ಮೇಲೆ ಮಂಜುಗಡ್ಡೆಯ ಮುಚ್ಚಳ ಬಿದ್ದ ಮೇಲೆ ಗಾಳಿಗೆ ತೇವ ಸಿಗುವುದಿಲ್ಲ. ಕಳೆದ ಎರಡು ವಾರ ಮೂರೂ ಹಲಗೆಯ ಅಂಕಿ ಹೆಚ್ಚುಕಡಿಮೆ ಒಂದೇ. ಒಂಟಾರಿಯೋ ಸರೋವರ ಸರಾಸರಿ 86 ಮೀಟರ್ ಆಳ. ಅದು ಪೂರ್ತಿ ಹೆಪ್ಪುಗಟ್ಟುವುದು ತೀರಾ ಅಪರೂಪ. ಟಗ್ ಹಿಲ್‌ನಲ್ಲಿ ಈಗಲೂ ಸುರಿಯುತ್ತಲೇ ಇದೆ.

ಈ ಬಿಡುವಿನಲ್ಲಿ ನಾಲ್ಕನೇ ಹಲಗೆ ಮಾಡುತ್ತಿದ್ದೇನೆ. ನಗರದ ಪೂರ್ವ ಭಾಗದಲ್ಲಿ ಒಬ್ಬರು ಅಜ್ಜಿ ತಮ್ಮ ಅಂಗಳ ಕೊಡುತ್ತೇನೆ ಅಂದಿದ್ದಾರೆ. ಅಳೆಯುವುದು ಅವರ ಮೊಮ್ಮಗ. ಹೋದ ಶನಿವಾರ ಅವನಿಗೆ ಸ್ಕೇಲ್ ಹಿಡಿಯುವುದು, ಹತ್ತನೇ ಭಾಗ ಓದುವುದು ಹೇಳಿಕೊಟ್ಟೆ. ಗಾಡಿ ಬಂದ ಸಮಯದ ಕಾಲಂ ತೋರಿಸಿದಾಗ ಅವನು "ಬರದೇ ಇದ್ದರೆ ಏನು ಬರೆಯಲಿ?" ಅಂತ ಕೇಳಿದ. ಆ ಕಾಲಂಗೆ ಇನ್ನೊಂದು ಗೆರೆ ಎಳೆದು, ಎಷ್ಟು ದಿನ ಬರಲಿಲ್ಲ ಅಂತ ಬರೆಯಲು ಜಾಗ ಮಾಡಿದ್ದೇವೆ.

ನಿನ್ನೆ ರಾತ್ರಿ ಅಪ್ಪನ ಫೋನ್. ತೋಟಕ್ಕೆ 80 ಸೆಂಟು ಹೂವಿನ ಮಳೆ ಬಂತಂತೆ. ಹಳ್ಳದ ಆಚೆಯ ತೋಟಕ್ಕೆ ಒಂದು ಹನಿಯೂ ಇಲ್ಲ. ನಾನು ಫೋನ್ ಸ್ಪೀಕರಿನಲ್ಲಿಟ್ಟು ಹಲಗೆಗೆ ಎರಡನೇ ಕೋಟ್ ಬಿಳಿ ಬಣ್ಣ ಹೊಡೆಯುತ್ತಿದ್ದೆ.