ರಾತ್ರಿಯಿಡೀ ಕೂತು ನೋಡಿದ 115 ಮೂವ್‌ಗಳ ಡ್ರಾ

2018ರ ನವೆಂಬರ್ 9, ಬಲಿಪಾಡ್ಯಮಿ ಮಾರನೇ ದಿನ. ಹಬ್ಬಕ್ಕೆ ಬಂದಿದ್ದ ನೆಂಟರೆಲ್ಲ ಹೊರಟಿದ್ರು, ರಾತ್ರಿ ಎಂಟೂವರೆಗೆ ನಾನು ತಮ್ಮ ಇಬ್ರೂ ಲ್ಯಾಪ್‌ಟಾಪ್ ಮುಂದೆ ಕೂತ್ವಿ. ಲಂಡನ್‌ನಲ್ಲಿ ಚೆಸ್ ವರ್ಲ್ಡ್ ಚಾಂಪಿಯನ್‌ಶಿಪ್ ಮೊದಲನೇ ಗೇಮ್, ಅಮೆರಿಕದ ಕರುವಾನಾ ಬಿಳಿ, ಆಗಿನ ಚಾಂಪಿಯನ್ ನಾರ್ವೆಯ ಕಾರ್ಲ್ಸನ್ ಕಪ್ಪು. ಆಟದ ಬಲ ಅಳೆಯೋ ರೇಟಿಂಗ್ ಕರುವಾನಾಗೆ 2832, ಕಾರ್ಲ್ಸನ್‌ಗೆ 2835, ಅಂದ್ರೆ ಮೂರೇ ಪಾಯಿಂಟ್ ವ್ಯತ್ಯಾಸ!

ಸಿಸಿಲಿಯನ್ ರೊಸ್ಸೊಲಿಮೊ ಅನ್ನೋ ಓಪನಿಂಗು, ಅಂದ್ರೆ ಆಟ ಶುರು ಮಾಡೋ ಒಂದು ಕ್ರಮ. ಕಾರ್ಲ್ಸನ್ ರಾಜನ್ನ ಕ್ವೀನ್ ಕಡೆ ಕ್ಯಾಸಲ್ ಮಾಡಿ, ಅಂದ್ರೆ ಭದ್ರವಾದ ಜಾಗಕ್ಕೆ ಸರಿಸಿ, ಆಮೇಲೆ ಮೆಲ್ಲಗೆ ಬಿಗಿ ಮಾಡ್ತಾ ಹೋದ, ಇತ್ತ ಕರುವಾನಾ ಟೈಮು ಕರಗ್ತಾ ಇತ್ತು. ಮೊದಲ 40 ಮೂವ್‌ಗೆ ಒಬ್ಬೊಬ್ಬರಿಗೆ 100 ನಿಮಿಷ, ಜೊತೆಗೆ ಮೂವಿಗೆ 30 ಸೆಕೆಂಡು, ಅಷ್ಟೇ ಇದ್ದಿದ್ದು. 34ನೇ ಮೂವಲ್ಲಿ ಕಾರ್ಲ್ಸನ್ ಕ್ವೀನ್‌ನ ಇ5 ಮನೆಗೆ ತಂದಿದ್ರೆ ಗೆಲುವು ಅವನದೇ, ಆದ್ರೆ ಎಚ್ ಪಾನ್ ತಳ್ಳಿದ. 40ನೇ ಮೂವಲ್ಲಿ ಬಿಷಪ್‌ನಿಂದ ಸಿ3 ಪಾನ್ ಹೊಡೆದ, ಸ್ವಲ್ಪ ಹೊತ್ತಲ್ಲೇ ಕ್ವೀನ್‌ಗಳೂ ಬೋರ್ಡಿಂದ ಹೋದ್ವು. "ಅಣ್ಣಾ, ಗೆಲುವು ಬಿಟ್ಟುಬಿಟ್ಟ ಕಣೋ!" ಅಂತ ತಮ್ಮ ಎದ್ದೇ ನಿಂತ.

ನನಗೆ ನಿಜವಾದ ಆಟ ಶುರುವಾಗಿದ್ದೇ ಆಮೇಲೆ. 55ನೇ ಮೂವ್ ಹೊತ್ತಿಗೆ ಉಳಿದಿದ್ದು ಒಂದೊಂದು ರೂಕು, ಕಾರ್ಲ್ಸನ್‌ಗೆ ಮೂರು ಪಾನ್, ಕರುವಾನಾಗೆ ಎರಡು. ಪುಸ್ತಕದ ಪ್ರಕಾರ ಡ್ರಾ, ನಿಜ, ಆದ್ರೆ ಅಷ್ಟು ಹೊತ್ತು ಸೋಲಿನ ಅಂಚಲ್ಲಿ ಕೂತು ಸುಸ್ತಾದವನು ಕರುವಾನಾ, ಎದುರಿಗೆ ಎಂಡ್‌ಗೇಮ್‌ನಲ್ಲಿ (ಕಾಯಿಗಳು ಕಮ್ಮಿ ಆದ ಕೊನೆ ಹಂತದಲ್ಲಿ) ಎಂಥವರನ್ನೂ ಹಿಂಡಿಹಾಕೋ ಕಾರ್ಲ್ಸನ್, ಒಂದು ಸಲ ರೂಕು ತಪ್ಪು ಮನೆಗೆ ಹೋದ್ರೂ ಮುಗೀತು. ಕಾರ್ಲ್ಸನ್ ರಾಜನ್ನ ಆ ಕಡೆ ಈ ಕಡೆ ಓಡಾಡಿಸಿ ಕೆಣಕ್ತಾನೆ, ಕರುವಾನಾ ಪ್ರತಿ ಸಲ ಸರಿಯಾದ ಮನೆ ಹುಡುಕ್ತಾನೆ. ಹೀಗೇ ಸುಮಾರು 60 ಮೂವ್! ತಮ್ಮ ಮಧ್ಯದಲ್ಲೇ ಸೋಫಾ ಮೇಲೆ ಮಲಗಿಬಿಟ್ಟ, ನನಗಂತೂ ಕಣ್ಣು ಕೀಳೋಕೇ ಆಗ್ಲಿಲ್ಲ.

115ನೇ ಮೂವಿಗೆ ಕೈ ಕುಲುಕಿದ್ರು, ಸುಮಾರು ಏಳು ಗಂಟೆ ಆಟ, ನಮ್ಮಲ್ಲಿ ಬೆಳಗಿನ ಜಾವ ಮೂರೂವರೆ. ತಮ್ಮನ್ನ ಎಬ್ಬಿಸಿದೆ, "ಯಾರು ಗೆದ್ರು?" ಅಂದ, "ಕರುವಾನಾ ಉಳಿಸ್ಕೊಂಡ" ಅಂದೆ.

ಆ ಮ್ಯಾಚಲ್ಲಿ ಹನ್ನೆರಡಕ್ಕೆ ಹನ್ನೆರಡು ಕ್ಲಾಸಿಕಲ್ (ಹೆಚ್ಚು ಟೈಮಿನ) ಗೇಮೂ ಡ್ರಾ ಆದ್ವು, ಕೊನೆಗೆ ನವೆಂಬರ್ 28ಕ್ಕೆ ಟೈಮ್ ಕಮ್ಮಿ ಇರೋ ರ‍್ಯಾಪಿಡ್‌ನಲ್ಲಿ 3-0 ಹೊಡೆದು ಕಾರ್ಲ್ಸನ್ ಪಟ್ಟ ಉಳಿಸ್ಕೊಂಡ. ಡ್ರಾ ಜಾಸ್ತಿ ಆಯ್ತು, ಚೆಸ್ ಸತ್ತೋಯ್ತು ಅಂತ ತುಂಬಾ ಜನ ಬೈದ್ರು. ನಾನು ಒಪ್ಪಲ್ಲ. ಆ ಮೂರೂ ರ‍್ಯಾಪಿಡ್ ಗೇಮ್‌ಗಿಂತ ನನಗೆ ಈ ಡ್ರಾನೇ ದೊಡ್ಡದು, ರೂಕ್ ಎಂಡಿಂಗ್ ಕಲೀಬೇಕು ಅಂತ ಯಾರೇ ಕೇಳಿದ್ರೂ 56ನೇ ಮೂವಿಂದ ಇದನ್ನೇ ಬೋರ್ಡ್ ಮೇಲೆ ಇಟ್ಟು ತೋರಿಸ್ತೀನಿ.