ಇಟ್ರಾಕೊನಜೋಲ್ ಮತ್ತು ಅಪ್ಪಯ್ಯನ ಮಾತ್ರೆ ಡಬ್ಬಿ

ಕ್ಷಯ ವಾಸಿಯಾಗಿ ಎಷ್ಟೋ ವರ್ಷಗಳಾದ ಮೇಲೆ ಮತ್ತೆ ಕೆಮ್ಮು ಹಿಡಿದು, ಕಫದಲ್ಲಿ ರಕ್ತ ಕಾಣಿಸಿ, ಮೈ ಇಳಿಯತೊಡಗಿದರೆ ನಮ್ಮ ಕಡೆ ಎಲ್ಲರ ಬಾಯಲ್ಲೂ ಬರುವುದು ಒಂದೇ ಮಾತು: ಟಿಬಿ ಮರುಕಳಿಸಿದೆ. ಹಲವು ಸಲ ಅದು ನಿಜವೂ ಆಗಿರುತ್ತದೆ. ಆದರೆ ಹಳೆಯ ಕ್ಷಯ ಶ್ವಾಸಕೋಶದಲ್ಲಿ ಬಿಟ್ಟುಹೋದ ಪೊಳ್ಳಿನೊಳಗೆ ಆಸ್ಪರ್ಜಿಲಸ್ ಎಂಬ ಬೂಷ್ಟು ನೆಲೆಸಿದಾಗಲೂ ಲಕ್ಷಣಗಳು ಹೆಚ್ಚುಕಡಿಮೆ ಹೀಗೆಯೇ ಇರುತ್ತವೆ. ವೈದ್ಯರು ಇದನ್ನು ಕ್ರಾನಿಕ್ ಪಲ್ಮನರಿ ಆಸ್ಪರ್ಜಿಲೋಸಿಸ್ ಎನ್ನುತ್ತಾರೆ. ಇದು ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ, ಆದರೆ ಔಷಧವಿಲ್ಲದೆ ಬಿಟ್ಟರೆ ಶ್ವಾಸಕೋಶವನ್ನು ನಿಧಾನವಾಗಿ ಹಾಳುಮಾಡುತ್ತ ಹೋಗುತ್ತದೆ. ನನ್ನ ತಂದೆ ಈ ರೋಗಕ್ಕೆ ಇಟ್ರಾಕೊನಜೋಲ್ ಕ್ಯಾಪ್ಸೂಲ್ ತೆಗೆದುಕೊಳ್ಳುತ್ತಿದ್ದಾರೆ. ಅದನ್ನು ಬರೆದುಕೊಡುವುದು ವೈದ್ಯರ ಕೆಲಸವಾದರೂ, ಅದು ಮೈಗೆ ಹತ್ತುವಂತೆ ನೋಡಿಕೊಳ್ಳುವ ಅರ್ಧ ಕೆಲಸ ಮನೆಯವರದೇ ಎಂಬುದು ನನ್ನ ಅನುಭವಕ್ಕೆ ಬಂದಿರುವುದರಿಂದ ಈ ಬರಹ.

ಅಪ್ಪಯ್ಯನಿಗೆ ಕ್ಷಯ ಬಂದದ್ದು ಅವರು ಮೈಸೂರಿನಲ್ಲಿ ಕೆಲಸದಲ್ಲಿದ್ದ ಪ್ರಾಯದಲ್ಲಿ. ಪಿಕೆಟಿಬಿ ಸ್ಯಾನಟೋರಿಯಂನಲ್ಲಿ ಕೆಲಕಾಲ ಇದ್ದು, ಚುಚ್ಚುಮದ್ದು, ಮಾತ್ರೆಗಳನ್ನೆಲ್ಲ ಮುಗಿಸಿ, ಕಡೆಗೆ ಊರಿಗೆ ಮರಳಿ ತೀರ್ಥಹಳ್ಳಿ ಕಡೆಯ ನಮ್ಮ ಅಡಿಕೆ ತೋಟವನ್ನೇ ನೆಚ್ಚಿಕೊಂಡರು. ಈಚೆಗೆ ಕೆಮ್ಮು ಕಾಡಿದಾಗ ಕಫದ ಪರೀಕ್ಷೆಯಲ್ಲಿ ಕ್ಷಯದ ಸೂಕ್ಷ್ಮಾಣು ಸಿಗಲಿಲ್ಲ, ಮಾಲಿಕ್ಯುಲರ್ ಪರೀಕ್ಷೆಯಲ್ಲೂ ಇಲ್ಲ. ಹಾಗಿದ್ದರೂ ಕ್ಷಯದ ಮಾತ್ರೆಗಳನ್ನು ಒಮ್ಮೆ ಕೊಟ್ಟು ನೋಡೋಣವೆಂಬ ಸಲಹೆ ಬಂದಿತ್ತು. ಎರಡನೆಯ ಅಭಿಪ್ರಾಯ ಕೇಳಿದ ಶ್ವಾಸಕೋಶ ತಜ್ಞರು ಸಿಟಿ ಸ್ಕ್ಯಾನ್ ಮಾಡಿಸಿದರು. ಬಲಗಡೆಯ ಮೇಲ್ಭಾಗದ ಹಳೆಯ ಪೊಳ್ಳಿನಲ್ಲಿ ಒಂದು ಗಡ್ಡೆ, ಅದರ ನೆತ್ತಿಯ ಸುತ್ತ ಬಿದಿಗೆಯ ಚಂದ್ರನಂತೆ ಬಾಗಿದ ಗಾಳಿಯ ಕಪ್ಪು ಗೆರೆ. ಗಡ್ಡೆಯೆಂದರೆ ಮಾಂಸವಲ್ಲ, ಶಿಲೀಂಧ್ರದ ಎಳೆಗಳು ಹೆಣೆದುಕೊಂಡ ಉಂಡೆ. ರಕ್ತದಲ್ಲಿ ಆಸ್ಪರ್ಜಿಲಸ್ ವಿರುದ್ಧದ ಐಜಿಜಿ ಪ್ರತಿಕಾಯ ಬಹಳ ಹೆಚ್ಚಾಗಿತ್ತು. ಮೂರು ತಿಂಗಳು ಮೀರಿದ ಲಕ್ಷಣ, ಸ್ಕ್ಯಾನಿನ ಚಿತ್ರ, ಈ ಪ್ರತಿಕಾಯ, ಜೊತೆಗೆ ಬೇರೆ ರೋಗವಲ್ಲವೆಂಬ ಖಾತ್ರಿ, ಇಷ್ಟು ಕೂಡಿದರೆ ರೋಗನಿರ್ಣಯವಾದಂತೆ.

ಈ ಬೂಷ್ಟು ಎಲ್ಲಿಂದ ಬಂತು ಎಂದು ಕೇಳುವ ಅಗತ್ಯವೇ ಇಲ್ಲ. ಕೊಳೆಯುವ ತರಗೆಲೆ, ಗೊಬ್ಬರದ ಗುಂಡಿ, ಒದ್ದೆಯಾದ ಒಣಹುಲ್ಲು, ಹೀಗೆ ಎಲ್ಲ ಕಡೆಯೂ ಆಸ್ಪರ್ಜಿಲಸ್ ಫ್ಯೂಮಿಗೇಟಸ್ ಇರುತ್ತದೆ, ಅದರ ಬೀಜಕಣಗಳನ್ನು ನಾವೆಲ್ಲರೂ ದಿನವೂ ಉಸಿರಾಡುತ್ತೇವೆ. ಆರೋಗ್ಯವಂತ ಶ್ವಾಸಕೋಶ ಅವನ್ನು ಹೊರದಬ್ಬುತ್ತದೆ, ಹಳೆಯ ಪೊಳ್ಳಿಗೆ ಆ ಶಕ್ತಿ ಇರುವುದಿಲ್ಲ.

ಇಟ್ರಾಕೊನಜೋಲ್ ಬೆಲ್ಜಿಯಂನ ಯಾನ್ಸೆನ್ ಸಂಸ್ಥೆಯಲ್ಲಿ ಹುಟ್ಟಿದ ಔಷಧ. ಅಮೆರಿಕದಲ್ಲಿ ಅದಕ್ಕೆ ಅನುಮತಿ ಸಿಕ್ಕಿದ್ದು 1992ರಲ್ಲಿ. ಶಿಲೀಂಧ್ರದ ಜೀವಕೋಶದ ಪೊರೆಗೆ ಎರ್ಗೋಸ್ಟೆರಾಲ್ ಎಂಬ ಕೊಬ್ಬು ಬೇಕು, ಅದನ್ನು ತಯಾರಿಸುವ ಕಿಣ್ವವನ್ನು ಈ ಔಷಧ ತಡೆಯುತ್ತದೆ. ನಮ್ಮ ಜೀವಕೋಶಗಳಲ್ಲಿ ಎರ್ಗೋಸ್ಟೆರಾಲ್ ಇಲ್ಲದಿರುವುದೇ ಚಿಕಿತ್ಸೆಯ ಆಧಾರ. ಆದರೆ ಆ ಕಿಣ್ವದ ದೂರದ ನೆಂಟನೊಂದು ನಮ್ಮ ಯಕೃತ್ತಿನಲ್ಲಿದ್ದು ಹತ್ತಾರು ಬಗೆಯ ಮಾತ್ರೆಗಳನ್ನು ಕರಗಿಸುವ ಹೊಣೆ ಹೊತ್ತಿದೆ. ಇಟ್ರಾಕೊನಜೋಲ್ ಅದನ್ನೂ ಕಟ್ಟಿಹಾಕುವುದರಿಂದ, ಹೆಚ್ಚಿನ ತಾಪತ್ರಯಗಳು ಅಲ್ಲಿಂದಲೇ ಹುಟ್ಟಿಕೊಳ್ಳುತ್ತವೆ.

ತಜ್ಞರು ಬರೆದುಕೊಟ್ಟದ್ದು 200 ಮಿಲಿಗ್ರಾಂ, ದಿನಕ್ಕೆ ಎರಡು ಸಲ, ಹೊಟ್ಟೆ ತುಂಬ ಊಟವಾದ ಕೂಡಲೇ. ಚೀಟಿ ಕೊಡುವ ಮೊದಲು ಅವರು ಕೇಳಿದ್ದು ಅಪ್ಪಯ್ಯನ ಮಾತ್ರೆ ಡಬ್ಬಿಯನ್ನು. ಅದರಲ್ಲಿದ್ದವು ರಕ್ತದೊತ್ತಡಕ್ಕೆ ಆಮ್ಲೋಡಿಪಿನ್, ಕೊಲೆಸ್ಟರಾಲ್‌ಗೆ ಅಟೋರ್ವಾಸ್ಟಾಟಿನ್, ಮತ್ತು ನಮ್ಮ ನಾಡಿನ ಅರ್ಧಕ್ಕರ್ಧ ಹಿರಿಯರು ಕಾಫಿಗೂ ಮುಂಚೆ ನುಂಗುವ ಆ "ಗ್ಯಾಸ್ ಮಾತ್ರೆ", ಅಂದರೆ ಪ್ಯಾಂಟೊಪ್ರಜೋಲ್. ಅಟೋರ್ವಾಸ್ಟಾಟಿನ್ ಇಟ್ರಾಕೊನಜೋಲ್ ಜೊತೆ ಸೇರಿದರೆ ರಕ್ತದಲ್ಲಿ ಅದರ ಮಟ್ಟ ಏರಿ ಸ್ನಾಯುಗಳಿಗೆ ಪೆಟ್ಟು ಬೀಳಬಹುದು. ಸಿಮ್ವಾಸ್ಟಾಟಿನ್ ಆದರಂತೂ ಕೂಡದೇ ಕೂಡದು. ಆದ್ದರಿಂದ ಆ ಕಿಣ್ವವನ್ನು ಅಷ್ಟಾಗಿ ಅವಲಂಬಿಸದ ರೋಸುವಾಸ್ಟಾಟಿನ್ ಬಂತು. ಆಮ್ಲೋಡಿಪಿನ್ ಮಟ್ಟವೂ ಏರಿ ಕಾಲು ಬಾವು ಬರುವ ಸಂಭವವಿದ್ದುದರಿಂದ ಅದರ ಬದಲು ಬೇರೆ ಗುಂಪಿನ ಮಾತ್ರೆ ಬಂತು. ಉಬ್ಬಸಕ್ಕೆ ಬುಡೆಸೊನೈಡ್ ಅಥವಾ ಫ್ಲುಟಿಕಾಸೋನ್ ಇನ್ಹೇಲರ್ ಬಳಸುವವರೂ ಇದನ್ನು ವೈದ್ಯರ ಗಮನಕ್ಕೆ ತರಲೇಬೇಕು, ಏಕೆಂದರೆ ಉಸಿರಿನಲ್ಲಿ ಎಳೆದ ಅಲ್ಪ ಸ್ಟೀರಾಯ್ಡ್ ಕೂಡ ಕರಗದೆ ಮೈಯಲ್ಲಿ ಶೇಖರವಾಗಿ ಮುಖ ಊದಿಕೊಳ್ಳುವ ಸ್ಥಿತಿ ಬಂದೀತು. ಕ್ಷಯದ ರಿಫಾಂಪಿಸಿನ್ ಮಾಡುವುದು ಇದಕ್ಕೆ ತದ್ವಿರುದ್ಧ: ಅದು ಯಕೃತ್ತನ್ನು ಚುರುಕುಗೊಳಿಸಿ ಇಟ್ರಾಕೊನಜೋಲನ್ನು ರಕ್ತದಿಂದ ಹೆಚ್ಚುಕಡಿಮೆ ಅಳಿಸಿಹಾಕುತ್ತದೆ. ಖಾತ್ರಿಯಿಲ್ಲದೆ ಕ್ಷಯದ ಮಾತ್ರೆಗಳನ್ನು "ಒಮ್ಮೆ ಕೊಟ್ಟು ನೋಡುವುದು" ಎಷ್ಟು ದುಬಾರಿಯಾದೀತು ಎಂದು ನನಗೆ ಹೊಳೆದದ್ದು ಆಗ.

ಗ್ಯಾಸ್ ಮಾತ್ರೆಯ ವಿಷಯಕ್ಕೆ ಇನ್ನಷ್ಟು ಹೊತ್ತು ಕೊಡಬೇಕು. ಇಟ್ರಾಕೊನಜೋಲ್ ಕ್ಯಾಪ್ಸೂಲನ್ನು ಬೆಳಕಿಗೆ ಹಿಡಿದರೆ ಒಳಗೆ ಸಾಸಿವೆಗಿಂತ ಸಣ್ಣ ಬಿಳಿಯ ಕಾಳುಗಳು ಕಾಣುತ್ತವೆ. ಸಕ್ಕರೆಯ ಆ ಕಾಳುಗಳ ಮೇಲೆ ಔಷಧದ ಲೇಪನವಿರುತ್ತದೆ. ನೀರಿನಲ್ಲಿ ಕರಗಲೊಲ್ಲದ ಈ ಔಷಧಕ್ಕೆ ಹೊಟ್ಟೆಯ ಆಮ್ಲವೇ ದಾರಿ. ಆಮ್ಲವನ್ನು ಅಡಗಿಸುವ ಪ್ಯಾಂಟೊಪ್ರಜೋಲ್ ಇದ್ದರೆ ಕಾಳುಗಳು ಕರಗದೆ ಹಾಗೆಯೇ ಸಾಗಿಹೋಗುತ್ತವೆ. ಅದಕ್ಕಾಗಿಯೇ ತುಂಬು ಊಟ, ಕೆಲವರಿಗೆ ಕೋಲಾದಂಥ ಹುಳಿ ಪಾನೀಯದ ಜೊತೆ ಎಂಬ ಸೂಚನೆ. ನಮ್ಮ ಮನೆಯಲ್ಲಿ ಕೋಲಾ ಎಂದರೆ ಮೂಗು ಮುರಿಯುವ ಅಪ್ಪಯ್ಯ ಪುನರ್ಪುಳಿ ಶರಬತ್ತು ಆಗದೇ ಎಂದು ಕೇಳಿದರು. ಅಧ್ಯಯನಗಳು ನಡೆದಿರುವುದು ಕೋಲಾದ ಮೇಲೆ, ಪುನರ್ಪುಳಿಯ ಮೇಲಲ್ಲ ಎಂದು ವೈದ್ಯರು ನಕ್ಕರು. ಇದೇ ಔಷಧದ ದ್ರವರೂಪವನ್ನು ಮಾತ್ರ ಖಾಲಿ ಹೊಟ್ಟೆಯಲ್ಲಿ ಕುಡಿಯಬೇಕು. ಎರಡರ ನಿಯಮ ಒಂದೇ ಅಲ್ಲ.

ಹೇಳಿದ್ದೆಲ್ಲವನ್ನೂ ಪಾಲಿಸಿದರೂ ರಕ್ತಕ್ಕೆ ಎಷ್ಟು ಸೇರಿದೆ ಎಂಬುದನ್ನು ಅಳೆಯದೆ ತಿಳಿಯಲಾಗದು. ಔಷಧದ ಮಟ್ಟ ಸ್ಥಿರವಾಗಲು ಸುಮಾರು ಎರಡು ವಾರ ಬೇಕು. ಆಮೇಲೆ ಮುಂದಿನ ಕ್ಯಾಪ್ಸೂಲಿಗೆ ಮುಂಚೆ ತೆಗೆದ ರಕ್ತದಲ್ಲಿ ಲೀಟರಿಗೆ ಕನಿಷ್ಠ ಅರ್ಧದಿಂದ ಒಂದು ಮಿಲಿಗ್ರಾಂ ಇರಬೇಕೆಂಬುದು ಸಾಮಾನ್ಯ ಲೆಕ್ಕ. ಈ ಪರೀಕ್ಷೆ ತಾಲ್ಲೂಕು ಮಟ್ಟದಲ್ಲಿ ಸಿಗುವುದಿಲ್ಲ, ಮಾದರಿಯನ್ನು ದೊಡ್ಡ ಊರಿನ ಪ್ರಯೋಗಾಲಯಕ್ಕೆ ಕಳುಹಿಸಬೇಕಾಗುತ್ತದೆ. ಆದರೂ ಕೇಳಿ ಮಾಡಿಸಿಕೊಳ್ಳುವುದು ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ, ಏಕೆಂದರೆ ಒಂದೇ ಪ್ರಮಾಣ ಬೇರೆಬೇರೆಯವರ ರಕ್ತದಲ್ಲಿ ಬಹಳ ವ್ಯತ್ಯಾಸದ ಮಟ್ಟ ಕೊಡುತ್ತದೆ. ಹಾಗೆಯೇ ಮಾರುಕಟ್ಟೆಯಲ್ಲೀಗ ಹೆಚ್ಚು ಚೆನ್ನಾಗಿ ಹೀರಲ್ಪಡುವ "ಸೂಪರ್ ಬಯೋಅವೈಲಬಲ್" ಕ್ಯಾಪ್ಸೂಲುಗಳಿವೆ. ಅವುಗಳ ಮೇಲೆ 50, 65, 130 ಎಂಬಂಥ ಸಂಖ್ಯೆಗಳಿರುತ್ತವೆ; ಹಳೆಯ ಕ್ಯಾಪ್ಸೂಲಿನ 100, 200ರ ಜೊತೆ ಇವನ್ನು ಮಿಲಿಗ್ರಾಂ ಲೆಕ್ಕದಲ್ಲಿ ಹೋಲಿಸಬಾರದು. ಅಂಗಡಿಯವರು "ಅದಿಲ್ಲ, ಇದು ಅದೇ" ಎಂದು ಕೊಟ್ಟರೆ ವೈದ್ಯರನ್ನು ಕೇಳದೆ ಒಪ್ಪಿಕೊಳ್ಳಬಾರದು.

ಅಡ್ಡಪರಿಣಾಮಗಳ ಪೈಕಿ ಅಪ್ಪಯ್ಯನಿಗೆ ಮೊದಮೊದಲು ಓಕರಿಕೆ ಇತ್ತು, ಆಮೇಲೆ ತಗ್ಗಿತು. ಯಕೃತ್ತಿನ ಪರೀಕ್ಷೆ ನಿಯಮಿತವಾಗಿ ನಡೆಯುತ್ತಿದೆ. ಕಣ್ಣು ಹಳದಿಯಾದರೆ, ಮೂತ್ರ ಗಾಢವಾದರೆ ಕಾಯದೆ ಬರಬೇಕೆಂಬ ಸೂಚನೆಯಿದೆ. ಜನ ಅಷ್ಟಾಗಿ ಅರಿಯದ ಸಂಗತಿ ಹೃದಯದ್ದು. ಈ ಔಷಧ ಹೃದಯದ ಬಡಿತದ ಬಲವನ್ನು ಕುಗ್ಗಿಸಬಲ್ಲದೆಂದು ಅಮೆರಿಕದ ಔಷಧ ನಿಯಂತ್ರಕರು 2001ರಲ್ಲೇ ಎಚ್ಚರಿಸಿದ್ದಾರೆ, ಹೃದಯ ವೈಫಲ್ಯ ಇರುವವರಿಗೆ ಇದನ್ನು ಸಾಮಾನ್ಯವಾಗಿ ಕೊಡುವುದಿಲ್ಲ. ಅದಕ್ಕಾಗಿ ಶುರುಮಾಡುವ ಮುನ್ನ ಎಕೋ ಪರೀಕ್ಷೆಯೂ ಆಯಿತು. ಪಾದ ಊದಿದೆಯೇ ಎಂದು ಕಣಕಾಲಿನ ಮೇಲೆ ಹೆಬ್ಬೆರಳು ಒತ್ತಿ ನೋಡುವುದು, ವಾರಕ್ಕೊಮ್ಮೆ ರಕ್ತದೊತ್ತಡ ಬರೆದಿಡುವುದು ಈಗ ಅಮ್ಮನ ಇಲಾಖೆ. ಪೊಟ್ಯಾಸಿಯಂ ಇಳಿಯುವುದು, ಬೆರಳುಗಳು ಜುಮುಜುಮು ಎನ್ನುವುದು ಕೂಡ ದೀರ್ಘಕಾಲದ ಬಳಕೆಯಲ್ಲಿ ಕಾಣಿಸಿಕೊಳ್ಳಬಹುದು.

ಎಷ್ಟು ಕಾಲ ಎಂಬ ಪ್ರಶ್ನೆಗೆ ಉತ್ತರ ಬಂದಿರುವುದು ನಮ್ಮ ದೇಶದಿಂದಲೇ ಎಂಬುದು ಸಮಾಧಾನದ ಮಾತು. ಕನಿಷ್ಠ ಆರು ತಿಂಗಳು ಎಂಬುದು ಹಿಂದಿನ ಮಾರ್ಗಸೂಚಿ. ಚಂಡೀಗಢದ ಪಿಜಿಐಎಂಇಆರ್ ವೈದ್ಯರು 164 ರೋಗಿಗಳನ್ನು ಎರಡು ಗುಂಪು ಮಾಡಿ ನಡೆಸಿ 2022ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆರು ತಿಂಗಳು ಇಟ್ರಾಕೊನಜೋಲ್ ಪಡೆದವರಲ್ಲಿ ಶೇ. 38ರಷ್ಟು ಮಂದಿಗೆ ರೋಗ ಮರುಕಳಿಸಿದರೆ, ಹನ್ನೆರಡು ತಿಂಗಳು ಪಡೆದವರಲ್ಲಿ ಶೇ. 10ರಷ್ಟು ಮಂದಿಗೆ ಮಾತ್ರ ಮರುಕಳಿಸಿತು. ಕೆಮ್ಮು ನಿಂತು, ತೂಕ ಏರಿ, "ಇನ್ನೇಕೆ ಮಾತ್ರೆ" ಎಂದು ಅಪ್ಪಯ್ಯ ಗೊಣಗಿದಾಗ ವೈದ್ಯರು ಮುಂದಿಟ್ಟದ್ದು ಇದೇ ಅಂಕಿಗಳನ್ನು.

ಇಷ್ಟೆಲ್ಲ ಕಟ್ಟುಪಾಡಿನ ಈ ಔಷಧವನ್ನು ನಮ್ಮ ಪೇಟೆಗಳಲ್ಲಿ ಗಜಕರ್ಣಕ್ಕೆಂದು ಚೀಟಿಯಿಲ್ಲದೆ, ಸ್ಟೀರಾಯ್ಡ್ ಬೆರೆತ ಮುಲಾಮಿನ ಜೊತೆ ಕೌಂಟರಿನ ಮೇಲಿಂದ ಕೊಡುವುದನ್ನು ನೋಡಿದಾಗ ಸಿಟ್ಟು ಬರುತ್ತದೆ. ತೋಟದ ವಿಷಯವೂ ಇದಕ್ಕೆ ಅಂಟಿಕೊಂಡಿದೆ. ಮಲೆನಾಡಿನ ಅಡಿಕೆಗೆ ಎಲೆಚುಕ್ಕಿ ರೋಗ ಬಂದಾಗಿನಿಂದ ನಾವು ಸಿಂಪಡಿಸುವ ಪ್ರೊಪಿಕೊನಜೋಲ್, ಟೆಬುಕೊನಜೋಲ್‌ಗಳು ಅಪ್ಪಯ್ಯನ ಕ್ಯಾಪ್ಸೂಲಿನ ಕುಲದವೇ, ಕೆಲಸ ಮಾಡುವ ಬಗೆಯೂ ಒಂದೇ. ಹೊಲ, ತೋಟಗಳ ಮಣ್ಣಿನಲ್ಲಿ ಇಂಥ ರಾಸಾಯನಿಕಗಳಿಗೆ ಒಗ್ಗಿಕೊಂಡ ಆಸ್ಪರ್ಜಿಲಸ್ ಮನುಷ್ಯರ ಔಷಧಕ್ಕೂ ಜಗ್ಗದೆ ಹೋಗಬಹುದೆಂಬ ಆತಂಕ ಜಗತ್ತಿನಾದ್ಯಂತ ಇದೆ. ಅಂಥ ತಳಿಗಳು ಭಾರತದ ಮಣ್ಣಿನಲ್ಲೂ ಇವೆಯೆಂದು ದೆಹಲಿಯ ಸಂಶೋಧಕರು 2012ರಲ್ಲೇ ವರದಿ ಮಾಡಿದ್ದಾರೆ. ಎಲೆಚುಕ್ಕಿಗೆ ಸಿಂಪಡಣೆಯೇ ಬೇಡ ಎನ್ನುವ ಸ್ಥಿತಿಯಲ್ಲಿ ಯಾವ ಬೆಳೆಗಾರನೂ ಇಲ್ಲ, ನಾವೂ ಇಲ್ಲ. ಆದರೆ ಈಗ ಅಪ್ಪಯ್ಯ ಸಿಂಪಡಿಸುವ ದಿನ ತೋಟಕ್ಕೆ ಇಳಿಯುವುದಿಲ್ಲ, ಗೊಬ್ಬರದ ಗುಂಡಿ ಕೆದಕುವ ಕೆಲಸವನ್ನೂ ಬಿಟ್ಟಿದ್ದಾರೆ.

ಇಟ್ರಾಕೊನಜೋಲ್ ಒಗ್ಗದಿದ್ದರೆ ಮುಂದಿನ ಆಯ್ಕೆ ವೊರಿಕೊನಜೋಲ್. ಅದು ಆಮ್ಲವನ್ನು ಬೇಡುವುದಿಲ್ಲ, ಊಟಕ್ಕೆ ಒಂದು ಗಂಟೆ ಅಂತರವಿಟ್ಟು ತೆಗೆದುಕೊಳ್ಳಬೇಕು. ಆದರೆ ಬಿಸಿಲಿಗೆ ಚರ್ಮ ಸುಡುವಂತೆ ಮಾಡುತ್ತದೆ, ದೀರ್ಘಕಾಲ ಬಳಸಿದರೆ ಚರ್ಮದ ಕ್ಯಾನ್ಸರಿನ ಅಪಾಯವೂ ಇದೆ, ಕೆಲವರಿಗೆ ದೃಷ್ಟಿ ಸ್ವಲ್ಪ ಹೊತ್ತು ಮಂಜಾಗುತ್ತದೆ. ದಿನದ ಬಹುಪಾಲು ಅಂಗಳ, ತೋಟದಲ್ಲೇ ಕಳೆಯುವ ಮನುಷ್ಯನಿಗೆ ಅದನ್ನು ಮೊದಲೇ ಕೊಡದಿರುವುದಕ್ಕೆ ಇದೂ ಒಂದು ಕಾರಣವೆಂದು ತಜ್ಞರು ಹೇಳಿದರು. ಆಂಫೊಟೆರಿಸಿನ್ ಆದರೆ ಆಸ್ಪತ್ರೆಯಲ್ಲಿ ರಕ್ತನಾಳದ ಮೂಲಕವೇ ಹೋಗಬೇಕು, ಮೂತ್ರಪಿಂಡವನ್ನೂ ಕಾಯಬೇಕು. ಸದ್ಯಕ್ಕೆ ಸ್ಕ್ಯಾನಿನಲ್ಲಿ ಪೊಳ್ಳಿನ ಗೋಡೆಯ ದಪ್ಪ ತಗ್ಗಿದೆ, ಉಂಡೆ ಇನ್ನೂ ಇದೆ. ಹನ್ನೆರಡು ತಿಂಗಳು ತುಂಬಿದ ಮೇಲೆ ಮತ್ತೊಂದು ಸ್ಕ್ಯಾನ್, ಆನಂತರ ನಿಲ್ಲಿಸುವ ಮಾತು.