ಎಸ್ಕೇಪ್ ಅನ್ನೋ ಪದದಲ್ಲಿ ನಾನು ಸಿಕ್ಕಿಬಿದ್ದ ಕತೆ

ಪತ್ರಿಕೆ ಡೆಸ್ಕಿನಲ್ಲಿ ಕೂತು ಹದಿನೈದು ವರ್ಷ ದಾಟಿತು. ಮೊದಲು ಶಿರಸಿ, ಈಗ ಕಾರವಾರ. ವರದಿಗಾರರು ಕಳಿಸಿದ್ದನ್ನು ತಿದ್ದೋದು, ಇಂಗ್ಲಿಷಿನಲ್ಲಿ ಬಂದದ್ದನ್ನು ಕನ್ನಡಕ್ಕೆ ತರೋದು, ಹೆಡ್ಡಿಂಗ್ ಕೊಡೋದು, ಇಷ್ಟೇ ಕೆಲಸ. ದೊಡ್ಡ ದೊಡ್ಡ ಇಂಗ್ಲಿಷ್ ಪದಗಳು ನನಗೆ ಯಾವತ್ತೂ ತೊಂದರೆ ಕೊಟ್ಟಿಲ್ಲ. ಗೊತ್ತಿಲ್ಲ ಅಂತ ಗೊತ್ತಿರುತ್ತದೆ, ಡಿಕ್ಷನರಿ ತೆಗೆಯುತ್ತೇವೆ, ಮುಗೀತು. ಕೈಕೊಡೋದು ನಮಗೆ ಗೊತ್ತಿದೆ ಅಂದುಕೊಂಡ ಪದಗಳು. ನನಗೆ ಕೈಕೊಟ್ಟದ್ದು 'ಎಸ್ಕೇಪ್'.

ಶಿರಸಿಯಲ್ಲಿದ್ದಾಗಿನ ಮಾತು. ಆಷಾಢದ ಮಳೆ, ಕರೆಂಟು ಹೋಗಿ ಬಂದು ಮಾಡುತ್ತಿತ್ತು, ಇನ್ವರ್ಟರ್ ಕುಂಯ್ ಅನ್ನುತ್ತಿತ್ತು. ಪೇಜ್ ಬಿಡಲು ಹತ್ತೇ ನಿಮಿಷ ಇರುವಾಗ ನಮ್ಮ ಹುಡುಗನೊಬ್ಬ ವಕೀಲರ ಇಂಗ್ಲಿಷ್ ಮೆಸೇಜನ್ನು ಹಾಗೇ ಫಾರ್ವರ್ಡ್ ಮಾಡಿದ. ಚೆಕ್ ಬೌನ್ಸ್ ಕೇಸು. ಈ ಕೇಸಿನಲ್ಲಿ ತಪ್ಪು ಸಾಬೀತಾದರೆ 2 ವರ್ಷದವರೆಗೆ ಜೈಲು, ಇಲ್ಲವೇ ಚೆಕ್ಕಿನ ಮೊತ್ತದ ಎರಡು ಪಟ್ಟಿನವರೆಗೆ ದಂಡ, ಇಲ್ಲವೇ ಎರಡೂ. ಇಲ್ಲಿ ನ್ಯಾಯಾಧೀಶರು ದಂಡ ಮಾತ್ರ ಹಾಕಿದ್ದರು. ಮೆಸೇಜಿನ ಮೊದಲ ಸಾಲು 'ಟ್ರೇಡರ್ ಎಸ್ಕೇಪ್ಸ್ ಜೈಲ್' ಅಂತ ಇತ್ತು. ನಾನು ಒಂದು ಕ್ಷಣವೂ ಯೋಚಿಸದೆ ಹೆಡ್ಡಿಂಗ್ ಹೊಡೆದೆ: 'ಜೈಲಿನಿಂದ ತಪ್ಪಿಸಿಕೊಂಡ ಅಡಿಕೆ ವ್ಯಾಪಾರಿ'.

ಕೆಳಗಿನ ಸುದ್ದಿ ಸರಿಯಾಗೇ ಇತ್ತು, ದಂಡ ಎಷ್ಟು ಅಂತಲೂ ಇತ್ತು. ಆದರೆ ಹೆಡ್ಡಿಂಗ್ ಓದಿದವರು ಕೆಳಗೆ ಯಾಕೆ ಇಳಿಯುತ್ತಾರೆ?

ಮರುದಿನ ಹತ್ತು ಗಂಟೆಗೆ ಅವರೇ ಆಫೀಸಿಗೆ ಬಂದರು. ಅರವತ್ತು ದಾಟಿದ ಮನುಷ್ಯ. ಕೊಡೆ ಹೊರಗಿಟ್ಟು, ಪ್ಲಾಸ್ಟಿಕ್ ಕೊಟ್ಟೆಯೊಳಗಿಂದ ಪೇಪರ್ ತೆಗೆದು ಟೇಬಲ್ ಮೇಲೆ ಹರಡಿ, ಬೆರಳಿನಿಂದ ಆ ಸಾಲನ್ನು ಎರಡು ಸಲ ಸವರಿದರು. ಕೂಗಾಡಲಿಲ್ಲ. "ತಮಾ, ತಪ್ಪಿಸ್ಕೊಂಡೆ ಅಂತ ಬರೆದಿದ್ದೀಯಲ್ಲ, ಆಯ್ತು. ಒಳಗೆ ಹೋಗಿದ್ದು ಯಾವಾಗ, ಅದನ್ನೂ ಹೇಳಿಬಿಡು" ಅಂದರು.

ಬೆಳಿಗ್ಗೆಯಿಂದ ವಖಾರಿಯಲ್ಲಿ ಹಮಾಲರು ಒಂಥರಾ ನೋಡುತ್ತಿದ್ದಾರಂತೆ. ಯಲ್ಲಾಪುರದಿಂದ ಬೀಗರು ಫೋನ್ ಮಾಡಿ, ಇವರ ಹೆಂಡತಿ ಹತ್ತಿರ "ಅವರು ಈಗ ಎಲ್ಲಿದ್ದಾರೆ" ಅಂತ ದನಿ ತಗ್ಗಿಸಿ ಕೇಳಿದರಂತೆ. ನನಗೆ ಕುರ್ಚಿಯಲ್ಲಿ ಕೂರಲಾಗಲಿಲ್ಲ, ಎದ್ದು ನಿಂತೆ. ನಾಳೆ ವಿಷಾದ ಹಾಕುತ್ತೇವೆ ಅಂದೆ. ಹಾಕಿದೆವು ಕೂಡ, ಎರಡನೇ ಪುಟದ ಮೂಲೆಯಲ್ಲಿ ಬೆಂಕಿಪೊಟ್ಟಣದಷ್ಟು ಜಾಗದಲ್ಲಿ. ತಪ್ಪು ಮೂರನೇ ಪುಟದ ತಲೆ ಮೇಲಿತ್ತು.

ಆಮೇಲೆ ಕೂತು ನೋಡಿದಾಗ ತಿಳೀತು, ಎಲ್ಲ ಇದ್ದದ್ದು 'ಫ್ರಂ' ಅನ್ನೋ ಚೋಟುದ್ದದ ಪದದಲ್ಲಿ. ಇಂಗ್ಲಿಷಿನಲ್ಲಿ 'ಎಸ್ಕೇಪ್ಡ್ ಫ್ರಂ ಜೈಲ್' ಅಂದ್ರೆ ಒಳಗಿದ್ದ, ಗೋಡೆ ಹಾರಿದ. 'ಎಸ್ಕೇಪ್ಡ್ ಜೈಲ್' ಅಂದ್ರೆ ಹೋಗಬೇಕಾಗಿ ಬರಬಹುದಿತ್ತು, ಹೋಗಲೇ ಇಲ್ಲ. 'ಎಸ್ಕೇಪ್ಡ್ ಡೆತ್', 'ಎಸ್ಕೇಪ್ಡ್ ಪನಿಶ್‌ಮೆಂಟ್' ಎಲ್ಲ ಇದೇ ಗುಂಪಿನವು. ಸಾವಿನೊಳಗೆ ಹೋಗಿ ವಾಪಸ್ ಬಂದವರು ಯಾರೂ ಇಲ್ಲವಲ್ಲ.

ಕನ್ನಡದಲ್ಲಿ ಈ ಕೆಲಸ 'ಇಂದ' ಮಾಡೋದಿಲ್ಲ. ಜೈಲಿನಿಂದ, ಸಾವಿನಿಂದ, ಶಿಕ್ಷೆಯಿಂದ, ಎಲ್ಲದಕ್ಕೂ ಅದೇ 'ಇಂದ'. ನಮ್ಮಲ್ಲಿ ಭಾರ ಹೊರೋದು ಕ್ರಿಯಾಪದ. ಅದರಲ್ಲೂ 'ತಪ್ಪಿಸಿಕೊಳ್ಳು' ಇದೆಯಲ್ಲ, ಅದು ಮಹಾ ಗೊಂದಲದ ಗಿರಾಕಿ. ಕಳ್ಳ ತಪ್ಪಿಸಿಕೊಂಡ ಅಂದ್ರೆ ಓಡಿದ. ಮಗು ಮಾರಿಜಾತ್ರೆಯಲ್ಲಿ ತಪ್ಪಿಸಿಕೊಂಡಿತು ಅಂದ್ರೆ ಪಾಪ, ಅದು ಓಡಿಹೋಗಿಲ್ಲ, ಕಳೆದುಹೋಗಿದೆ. ಕ್ಲಾಸ್ ತಪ್ಪಿಸಿಕೊಂಡ ಅಂದ್ರೆ ಹೋಗಲೇ ಇಲ್ಲ. ಬೋನಿಟ್ಟು ಚಿರತೆಗೆ ಕಾಯುವ ಸುದ್ದಿ ನಮ್ಮ ಜಿಲ್ಲೆಗೆ ಹೊಸದಲ್ಲ. 'ಬೋನಿನಿಂದ ತಪ್ಪಿಸಿಕೊಂಡ ಚಿರತೆ' ಅಂತ ಹಾಕಿದರೆ ಬೋನು ಮುರಿದು ಬಂತೋ, ಬೋನಿನ ಹತ್ತಿರ ಸುಳಿಯಲೇ ಇಲ್ಲವೋ ಗೊತ್ತಾಗೋದಿಲ್ಲ. ಊರಿನವರು ಆ ರಾತ್ರಿ ಹೊರಗೆ ಬರಬೇಕೋ ಬೇಡವೋ ಅನ್ನೋದು ಈ ವ್ಯತ್ಯಾಸದ ಮೇಲೆ ನಿಂತಿರುತ್ತದೆ. 'ಬೋನಿಗೆ ಬೀಳದ ಚಿರತೆ' ಅಂದರೆ ಮುಗೀತು.

ಕಾನೂನು ಕೂಡ ಇದನ್ನೇ ಕೇಳುತ್ತದೆ ಅಂತ ವಕೀಲರೊಬ್ಬರು ತೋರಿಸಿಕೊಟ್ಟರು. ಕಸ್ಟಡಿಯಿಂದ ತಪ್ಪಿಸಿಕೊಳ್ಳೋದು ತಾನೇ ಒಂದು ಬೇರೆ ಅಪರಾಧ, ಆಗ ಐಪಿಸಿಯ 224ನೇ ಕಲಂ, 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ 262, ಅದಕ್ಕೂ 2 ವರ್ಷದವರೆಗೆ ಶಿಕ್ಷೆ ಇದೆ. ತಪ್ಪಿಸಿಕೊಂಡ ಅನ್ನಬೇಕಾದರೆ ಮೊದಲು ಕಾನೂನುಬದ್ಧವಾಗಿ ವಶದಲ್ಲಿ ಇದ್ದಿರಬೇಕು. ಅಂದ್ರೆ ದಂಡ ಕಟ್ಟಿ ಮನೆಗೆ ಹೋದ ಮನುಷ್ಯನ ತಲೆಗೆ ನಾನು ಪುಕ್ಕಟೆಯಾಗಿ ಹೊಸ ಕೇಸು ಕಟ್ಟಿದ್ದೆ. ಮಾನನಷ್ಟಕ್ಕೆ ಅವರು ನನ್ನ ಮೇಲೆ ಹೋಗಿದ್ದರೆ ನಾನೇನು ಹೇಳುತ್ತಿದ್ದೆನೋ. ಬೀಸೋ ದೊಣ್ಣೆ ತಪ್ಪಿತು ಅಂತ ಸುಮ್ಮನಾದೆ.

ಆವತ್ತಿನಿಂದ ಡೆಸ್ಕಿನಲ್ಲಿ ನನ್ನದೊಂದು ಪರೀಕ್ಷೆ. ಎಸ್ಕೇಪ್ ಕಂಡ ಕೂಡಲೇ ಅವರ ಪ್ರಶ್ನೆಯನ್ನೇ ಕೇಳಿಕೊಳ್ಳುತ್ತೇನೆ: ಒಳಗೆ ಹೋಗಿದ್ದು ಯಾವಾಗ? ಹೋಗಿಯೇ ಇಲ್ಲ ಅಂತಾದರೆ 'ಪಾರು', 'ಬಚಾವ್'. ಹೋಗಿದ್ದರೆ ಎರಡನೇ ಪ್ರಶ್ನೆ, ತಪ್ಪು ಯಾರದು? ಇಂಗ್ಲಿಷ್ ಪದ ಇದರ ಬಗ್ಗೆ ಬಾಯಿ ಬಿಡೋದಿಲ್ಲ. ಬೆಂಕಿಯಿಂದ ಬಂದವನೂ ಎಸ್ಕೇಪ್, ಪೊಲೀಸ್ ಜೀಪಿನಿಂದ ಹಾರಿದವನೂ ಎಸ್ಕೇಪ್. ನಮ್ಮ ಪದಗಳು ಹಾಗಲ್ಲ, ಹುಟ್ಟುವಾಗಲೇ ತೀರ್ಪು ಬರೆದುಕೊಂಡು ಬಂದಿರುತ್ತವೆ. ಪಾರಾದವನು ಒಳ್ಳೆಯವನು. ಪರಾರಿಯಾದವನು ಕಳ್ಳ. ನುಣುಚಿಕೊಂಡವನು ಜವಾಬ್ದಾರಿ ಇಲ್ಲದವನು. ತಲೆಮರೆಸಿಕೊಂಡವನನ್ನು ಕೋರ್ಟು ಹುಡುಕುತ್ತಿದೆ, ಕಂಬಿ ಕಿತ್ತವನನ್ನು ಸಾಲಗಾರರು. ಪಲಾಯನ ಮಾಡಿದವನು ಬರೀ ಹೇಡಿ. ನಮ್ಮ ಕಡೆ ಯಕ್ಷಗಾನ ನೋಡಿದವರಿಗೆ ಇದನ್ನು ಹೇಳಬೇಕಾಗಿಲ್ಲ, ಕೌರವ ಸೇನೆ ಕಂಡು ರಥದಿಂದ ಹಾರಿದ ಉತ್ತರಕುಮಾರನನ್ನು ಯಾವ ಭಾಗವತರೂ 'ಪಾರಾದ' ಅಂತ ಹಾಡೋದಿಲ್ಲ.

ಇದರ ನಡುವೆ ಕನ್ನಡದ್ದೇ ಆಗಿಹೋದ 'ಎಸ್ಕೇಪ್' ಒಂದಿದೆ. "ಬಿಲ್ ಕೊಡೋ ಹೊತ್ತಿಗೆ ಎಸ್ಕೇಪ್ ಆದ ನೋಡು" ಅಂತೀವಲ್ಲ, ಅದು. ಅದರಲ್ಲಿ ಒಂದು ಕಳ್ಳನಗು ಇದೆ, ಇಂಗ್ಲಿಷಿನ ಮೂಲ ಪದದಲ್ಲಿ ಅಷ್ಟು ಇಲ್ಲ. ಆ ನಗು ಎಷ್ಟು ಅಪಾಯ ಅಂತ ಗೊತ್ತಾಗಿದ್ದು 2024ರ ಆಗಸ್ಟ್ 7ರಂದು. ನಡುರಾತ್ರಿ ದಾಟಿದ ಮೇಲೆ ಕಾಳಿ ನದಿಯ ಹಳೇ ಸೇತುವೆ ಕುಸಿದು ಒಂದು ಲಾರಿ ನೀರಿಗೆ ಬಿತ್ತು. ಅರ್ಧ ಕಾರವಾರ ಎದ್ದು ಕೂತಿತ್ತು. ನಮ್ಮ ವಾಟ್ಸಾಪ್ ಗ್ರೂಪಿನಲ್ಲಿ ಯಾರೋ ಅವಸರದಲ್ಲಿ 'ಡ್ರೈವರ್ ಎಸ್ಕೇಪ್' ಅಂತ ಹಾಕಿದರು. ಬದುಕಿದ್ದಾನೆ ಅಂತ ಹೇಳೋದು ಅವರ ಉದ್ದೇಶ. ಓದಿದ ನಮಗೆ ಅನಿಸಿದ್ದು ಬೇರೆಯೇ. ಅಪಘಾತದ ಸುದ್ದಿಯಲ್ಲಿ ಚಾಲಕ ಎಸ್ಕೇಪ್ ಅಂದ್ರೆ ಗುದ್ದಿ ಓಡಿಹೋದ ಅಂತಲೇ ಅಲ್ವಾ? ನಾವೇ ವರ್ಷಾನುಗಟ್ಟಲೆ 'ಚಾಲಕ ಪರಾರಿ' ಅಂತ ಬರೆದು ಬರೆದು ಓದುಗರಿಗೆ ಹಾಗೆ ಅಭ್ಯಾಸ ಮಾಡಿಸಿದ್ದೇವೆ. ಆ ಮನುಷ್ಯನನ್ನು ಸ್ಥಳೀಯ ಮೀನುಗಾರರು, ಪೊಲೀಸರು ಸೇರಿ ನದಿಯಿಂದ ಮೇಲೆ ತಂದು ಆಸ್ಪತ್ರೆಗೆ ಸೇರಿಸಿದ್ದರು. ಇಲ್ಲಿ ಎಸ್ಕೇಪೂ ಅಲ್ಲ, ತಪ್ಪಿಸಿಕೊಂಡದ್ದೂ ಅಲ್ಲ, 'ಚಾಲಕನ ರಕ್ಷಣೆ'. ಬೇರೆಯವರು ನೀರಿಗಿಳಿದು ಕಾಪಾಡಿದ್ದಾರೆ ಅಂದಮೇಲೆ ಅವರ ಪಾಲನ್ನೂ ಪದದಲ್ಲಿ ಇಡಬೇಕು. ಅಂದಹಾಗೆ 'ಪಾರು' ಅನ್ನೋದರ ಮೂಲ 'ಪಾರ', ಅಂದರೆ ಆಚೆ ದಡ. ಕೋಡಿಬಾಗದಲ್ಲಿ ನಿಂತು ಸದಾಶಿವಗಡ ನೋಡಿದವರಿಗೆ ಈ ಪದ ಬೇಗ ಅರ್ಥ ಆಗುತ್ತದೆ.

ಇಂಗ್ಲಿಷ್ ಪದದ ಮೂಲ ಇನ್ನೂ ಮಜವಾಗಿದೆ. ಲ್ಯಾಟಿನ್ನಿನ 'ಎಕ್ಸ್' ಅಂದರೆ ಹೊರಗೆ, 'ಕಪ್ಪಾ' ಅಂದರೆ ಮೇಲಂಗಿ. ಹಿಡಿಯಲು ಬಂದವನ ಕೈಯಲ್ಲಿ ಮೇಲಂಗಿ ಬಿಟ್ಟು ಜಾರಿಕೊಳ್ಳೋದು. ಹಲ್ಲಿ ಬಾಲ ಬಿಟ್ಟು ಹೋಗುತ್ತದಲ್ಲ, ಹಾಗೆ.

ಜಾಹೀರಾತು ವಿಭಾಗದಲ್ಲಿ ಇದರ ಇಂಗ್ಲಿಷ್ ಅಣ್ಣ ಒಬ್ಬ ಸಿಗುತ್ತಾನೆ, 'ಅಬ್‌ಸ್ಕಾಂಡ್'. ಒಂದು ಕಂಪನಿಯವರು ಹುಡುಗನ ಫೋಟೋ ಸಮೇತ ಮ್ಯಾಟರ್ ತಂದಿದ್ದರು, ಇಂಥ ತಾರೀಖಿನಿಂದ ಅಬ್‌ಸ್ಕಾಂಡಿಂಗ್ ಅಂತ. ನಮ್ಮವರು ನಿಷ್ಠೆಯಿಂದ 'ತಲೆಮರೆಸಿಕೊಂಡಿದ್ದಾನೆ' ಅಂತ ಟೈಪ್ ಮಾಡಿಬಿಟ್ಟಿದ್ದರು. ವಿಚಾರಿಸಿದರೆ ಹುಡುಗ ಹೇಳದೆ ಕೇಳದೆ ಗೋವಾದಲ್ಲಿ ಬೇರೆ ಕೆಲಸಕ್ಕೆ ಸೇರಿದ್ದಾನೆ, ಅಷ್ಟೇ. ನಮ್ಮ ದೇಶದ ಆಫೀಸುಗಳಲ್ಲಿ ನೋಟಿಸ್ ಕೊಡದೆ ಬಿಟ್ಟವನಿಗೆಲ್ಲ ಅಬ್‌ಸ್ಕಾಂಡಿಂಗ್ ಅನ್ನೋದು ರೂಢಿ. ಆದರೆ ಕನ್ನಡದಲ್ಲಿ ತಲೆಮರೆಸಿಕೊಂಡ ಅಂದ್ರೆ ವಾರಂಟ್ ಇದೆ ಅಂತಲೇ ಕೇಳಿಸುತ್ತದೆ. ವಾರಂಟ್ ತಪ್ಪಿಸಿ ತಿರುಗುವ ಆರೋಪಿ ಇಂತಿಷ್ಟು ದಿನದಲ್ಲಿ ಹಾಜರಾಗಬೇಕು ಅಂತ ಕೋರ್ಟು ಉದ್ಘೋಷಣೆ ಹೊರಡಿಸುತ್ತದೆ, ಕನಿಷ್ಠ 30 ದಿನ ಕೊಡುತ್ತದೆ, ಅದು ಪೇಪರಿನಲ್ಲೂ ಬರುತ್ತದೆ, ನಮ್ಮದೇ ಪುಟದಲ್ಲಿ. ಆ ಉದ್ಘೋಷಣೆಯ ಪಕ್ಕದಲ್ಲೇ ಈ ಹುಡುಗನ ಫೋಟೋ ಬಂದರೆ ಅವನಿಗೆ ಹೆಣ್ಣು ಯಾರು ಕೊಡುತ್ತಾರೆ ಹೇಳಿ. 'ಇಂದಿನಿಂದ ಇವರಿಗೂ ಸಂಸ್ಥೆಗೂ ಸಂಬಂಧವಿಲ್ಲ' ಅಂತ ಮಾಡಿಸಿದೆ. ಕಂಪನಿಯವರಿಗೆ ಖಾರ ಸಾಲಲಿಲ್ಲ. ಸಾಲದಿದ್ದರೆ ಬೇಡ.

ಉಳಿದವು ಸಣ್ಣಪುಟ್ಟವು. ಹೆದ್ದಾರಿಯಲ್ಲಿ ಟ್ಯಾಂಕರ್ ಮಗುಚಿದಾಗ ಟ್ರೈನಿ ಹುಡುಗಿ 'ಅನಿಲ ತಪ್ಪಿಸಿಕೊಂಡಿದೆ' ಅಂತ ಬರೆದಳು. ಅನಿಲ ಅಂತ ಯಾರೋ ಆರೋಪಿ ಇರಬೇಕು ಅಂತ ನಾನು ಹಿಂದಿನ ಸಾಲಿನಲ್ಲಿ ಹುಡುಕಿದೆ. ಅನಿಲ ಸೋರುತ್ತದೆ, ನೀರು ಹರಿದುಹೋಗುತ್ತದೆ, ನಿಟ್ಟುಸಿರು ಹೊರಬೀಳುತ್ತದೆ, ಇಂಗ್ಲಿಷಿನಲ್ಲಿ ಇವಕ್ಕೆಲ್ಲ ಒಂದೇ ಪದ ಸಾಕು. ಹೆಸರು 'ಎಸ್ಕೇಪ್ಸ್ ಮಿ' ಅಂದರೆ ನೆನಪಿಗೆ ಬರುತ್ತಿಲ್ಲ. ಗಮನಕ್ಕೆ ಬಾರದ್ದು 'ಕಣ್ತಪ್ಪು', ಎಷ್ಟು ಚಂದದ ಪದ, ತಪ್ಪನ್ನೆಲ್ಲ ಕಣ್ಣಿಗೇ ಕಟ್ಟಿ ನಾವು ಆರಾಮ! ಉಪಗ್ರಹದ ಸುದ್ದಿ ಬಂದಾಗ 'ಎಸ್ಕೇಪ್ ವೆಲಾಸಿಟಿ' ಬರುತ್ತದೆ, ಭೂಮಿಯದ್ದು ಸೆಕೆಂಡಿಗೆ 11.2 ಕಿಲೋಮೀಟರ್. ಶಾಲೆಯ ಪುಸ್ತಕದ 'ವಿಮೋಚನಾ ವೇಗ' ಅಲ್ಲಿ ಸರಿಯಾಗಿ ಕೂರುತ್ತದೆ, ಯಾಕಂದ್ರೆ ಹಿಡಿತ ಮೊದಲಿಂದ ಇತ್ತು. ರೆಸಾರ್ಟಿನವರ 'ಎಸ್ಕೇಪ್ ಟು ಗೋಕರ್ಣ' ಪ್ರಕಟಣೆ 'ಗೋಕರ್ಣಕ್ಕೆ ಪರಾರಿಯಾಗಿ' ಅಂತ ಆಗಿ ನನ್ನ ಟೇಬಲ್ಲಿಗೆ ಬಂದಿತ್ತು. ಆತ್ಮಲಿಂಗದ ಕತೆಯಲ್ಲೂ ಗೋಕರ್ಣಕ್ಕೆ ಯಾರೂ ಪರಾರಿಯಾಗಿಲ್ಲ. ಪಾಪ, ರಾವಣ ಅಲ್ಲೇ ಸಿಕ್ಕಿಬಿದ್ದ. 'ಎರಡು ದಿನ ಗೋಕರ್ಣದಲ್ಲಿ ಹಾಯಾಗಿರಿ' ಅಂತ ಬದಲಿಸಿದೆ.

ಇಷ್ಟೆಲ್ಲ ಕಲಿತಮೇಲೂ ಮೊನ್ನೆ ಒಂದು ಕಡೆ ಸಿಕ್ಕಿಕೊಂಡೆ. ಮೀನುಗಾರರಿಗಾಗಿ ಬಂದ ಒಂದು ಇಂಗ್ಲಿಷ್ ಪ್ರಕಟಣೆ. ಟ್ರಾಲ್ ಬಲೆಯ ತುದಿಯ ಚೀಲಕ್ಕೆ ಚೌಕ ಕಣ್ಣಿನ ಬಲೆ ಹಾಕಿ ಅಂತ ಅದರ ಸಾರ. ಮಾಮೂಲಿ ವಜ್ರಾಕಾರದ ಕಣ್ಣು ಬಲೆ ಎಳೆದಾಗ ಬಿಗಿದು ಮುಚ್ಚಿಕೊಳ್ಳುತ್ತದೆ, ಚೌಕ ಕಣ್ಣು ತೆರೆದೇ ಇರುತ್ತದೆ, ಮರಿ ಮೀನು 'ಎಸ್ಕೇಪ್' ಆಗುತ್ತವೆ. ನನ್ನ ಪರೀಕ್ಷೆ ಹಚ್ಚಿದೆ. ಒಳಗೆ ಹೋಗಿದ್ದು ಯಾವಾಗ? ಹೋಗಿವೆ, ಬಲೆಯೊಳಗೇ ಇವೆ. ತಪ್ಪು ಯಾರದು? ಮೀನಿನದಂತೂ ಅಲ್ಲ. 'ಮರಿ ಮೀನು ತಪ್ಪಿಸಿಕೊಳ್ಳಲು ಹೊಸ ಬಲೆ' ಅಂತ ಬರೆದೆ. ಓದಿದರೆ ಯಾಕೋ ಮೀನುಗಾರನಿಗೆ ನಷ್ಟ ಆದ ಹಾಗೆ ಕೇಳಿಸುತ್ತಿತ್ತು. ಬೈತಖೋಲ ಬಂದರಿನಲ್ಲಿ ಪರಿಚಯದ ಬೋಟಿನವರೊಬ್ಬರು ಇದ್ದಾರೆ, ಫೋನ್ ಮಾಡಿ ಸಾಲು ಓದಿ ಹೇಳಿದೆ. ಆ ಕಡೆ ಎಂಜಿನ್ ಸದ್ದಿನ ನಡುವೆ ಅವರು ನಕ್ಕರು.

"ಅದು ತಪ್ಪಿಸ್ಕೊಳ್ಳೋದಲ್ಲ ಮಾರಾಯ್ರೆ. ನಾವು ಬಿಡೋದು."

ಮರುದಿನ 'ಮರಿ ಬಿಡುವ ಬಲೆ' ಅಂತ ಡಬಲ್ ಕಾಲಂ ಹೋಯಿತು.